ಹನ್ನೆರಡು ನಿಮಿಷದ ನಿಲುಗಡೆ

ಇಜ್ಮಿರ್‌ನಿಂದ ಎರ್ಜುರುಮ್‌ಗೆ ಇಪ್ಪತ್ತು ತಾಸು.
ನಾನು ಈ ಬಸ್ಸಿನ ಹುಡುಗ, ಜೆವ್ದೆತ್.
ಚಹಾ ಕೊಡುವವನು, ಚಾಚಿದ ಅಂಗೈಗೆ
ನಿಂಬೆ ಘಮದ ಕೊಲೊನ್ಯಾ ಸುರಿಯುವವನು,
ಯಾರ ಹೊಟ್ಟೆ ಯಾವ ತಿರುವಿನಲ್ಲಿ ತೊಳಸುತ್ತದೆಂದು
ಮುಖ ನೋಡಿಯೇ ಹೇಳಬಲ್ಲವನು.

ಇವತ್ತು ಹಬ್ಬದ ಮೂರನೆಯ ದಿನ.
ತಿಂಗಳಿಡೀ ಹಗಲೆಲ್ಲ ಉಪವಾಸವಿದ್ದು
ಖಾಲಿತನಕ್ಕೇ ಒಗ್ಗಿಹೋದ ಹೊಟ್ಟೆಗಳು
ಏಳು ಮನೆ, ಹದಿನಾಲ್ಕು ತಟ್ಟೆ ದಾಟಿ ಬಂದಿವೆ.
ಅತ್ತೆಯ ಮನೆಯಲ್ಲಿ ಬೇಡವೆನ್ನುವಂತಿಲ್ಲ,
ಅತ್ತೆಯ ನಾದಿನಿಯ ಮನೆಯಲ್ಲಂತೂ ಕೇಳಲೇಬೇಡಿ.
ಬಕ್ಲಾವಾದ ನಲವತ್ತು ಪದರಗಳಲ್ಲಿ
ನಲವತ್ತೂ ಪ್ರೀತಿಯೇ, ಒಪ್ಪಿದೆ.
ಪ್ರೀತಿಯೂ ಅರಗಬೇಕಲ್ಲ.

ಹನ್ನೊಂದನೆಯ ಸೀಟಿನ ಮೇಷ್ಟ್ರು
ಬೆಲ್ಟು ಒಂದು ತೂತು ಸಡಿಲಿಸಿ
ಕಿಟಕಿಯತ್ತ ತಿರುಗಿ ಸಭ್ಯವಾಗಿ ತೇಗುತ್ತಾರೆ.
ಹಿಂದಿನ ಸಾಲಿನ ಹೊಸ ಮದುವಣಗಿತ್ತಿ, ಹೆಸರು ಬೇಡ,
ಮಾವನ ಮನೆಯ ಪಾಯಿಖಾನೆಗೆ ಚಿಲಕ ಸರಿಯಿಲ್ಲವೆಂದು
ಮೂರು ದಿನದಿಂದ ಎಲ್ಲವನ್ನೂ ಒಳಗೇ ಇಟ್ಟುಕೊಂಡಿದ್ದಾಳೆ.
ಅವಳೇನೂ ಹೇಳಲಿಲ್ಲ,
ಮೂರು ಸಲ ಬಿಸಿನೀರು ಕೇಳಿದಳು ಅಷ್ಟೆ.
ನಾಲ್ಕನೆಯ ಲೋಟದಲ್ಲಿ ನಾನೇ
ಎರಡು ಒಣ ಜರ್ದಾಳು ಮುಳುಗಿಸಿ ಕೊಟ್ಟೆ.

ಹದಿನೇಳರ ಮ್ಯುಝೆಯ್ಯೆನ್ ಅಜ್ಜಿ ಕೈಚೀಲ ತೆರೆದರೆ
ಕಾಗದದ ಕರವಸ್ತ್ರದಲ್ಲಿ ಸುತ್ತಿದ ಆರು ಗಂಟು.
‘ತಗೋ ಮಗಾ, ನನ್ನಿಂದಾಗದು. ಎಸೆದರೆ ಪಾಪ.’
ಇಪ್ಪತ್ತೊಂದರವರೂ ಹಾಗೇ. ಮೂವತ್ತರವರೂ.
ಬೇಡವೆನ್ನಲಾಗದವರ ಸಿಹಿಯೆಲ್ಲ
ಕೊನೆಗೆ ಬಂದು ಸೇರುವ ಜಾಗ ನಾನು.

ರಾತ್ರಿ ಹತ್ತಕ್ಕೆ ಅಫ್ಯೋನ್.
ಜನ ಬೇಳೆಯ ಸೂಪಿಗೆ ನಿಂಬೆ ಹಿಂಡಿ ಮೆಲ್ಲಗೆ ಕುಡಿದರು.
ನಾನು ಸೋಡಾ ಕುಡಿದೆ:
ಗಾಳಿ ಮೇಲೆ ಬಂತು, ಭಾರ ಅಲ್ಲೇ ಉಳಿಯಿತು.
ಡ್ರೈವರಣ್ಣ ಎರಡು ಸಲ ಹಾರ್ನ್ ಹೊಡೆದರೂ
‘ಇನ್ನೈದು ನಿಮಿಷ’ ಎಂದೆ. ಯಾಕೆಂದು ಹೇಳಲಿಲ್ಲ.
ಕೊನೆಗೆ ಬಂದಳು ಅವಳು,
ಮುಖದಲ್ಲಿ ಈಗ ನಿಜವಾದ ಹಬ್ಬ.

ಯೊಜ್ಗಾತ್, ಐದು ಇಪ್ಪತ್ತು. ನಿಲುಗಡೆ ಹನ್ನೆರಡು ನಿಮಿಷ.
ಆರು ವರ್ಷದಿಂದ ನನ್ನ ಹಬ್ಬದ ಅಳತೆ ಇಷ್ಟೇ.
ಶಾಲಿನೊಳಗೆ ತಗಡಿನ ಡಬ್ಬಿ ಅವುಚಿಕೊಂಡು
ಅಮ್ಮ ನಿಂತಿದ್ದಾಳೆ. ಮುಚ್ಚಳ ತೆಗೆದಳು:
ನಮ್ಮ ಮರದ್ದೇ ಅಕ್ರೋಟು, ಅವಳ ಕೈಯದೇ ಹಿಟ್ಟು.
ಹುಟ್ಟಿದಂದಿನಿಂದ ಆಡದ ಮಾತು ಆಡಿದೆ:
‘ಆಗಲ್ಲಮ್ಮ.’

ನಾನು ಪ್ರಯಾಣಿಕರನ್ನು ನೋಡುವ ಹಾಗೆ
ಅವಳು ನನ್ನ ಮುಖ ನೋಡಿದಳು.
‘ಎಷ್ಟು ಮನೆಯದು ತಿಂದೆಯೋ?’
ಮುಚ್ಚಳ ಹಾಕಿದಳು. ‘ನಡಿ. ಉಂಡವನಿಗೆ ನೂರು ಹೆಜ್ಜೆ.’

ಬಸ್ಸಿನ ಸುತ್ತ ನಡೆದೆವು.
ಇಂಜಿನ್ನಿನ ಕಡೆ ಬೆಚ್ಚಗೆ, ಆಚೆ ಕಡೆ ಬರೀ ಚಳಿ.
ಸೋರುವ ಮಾಡು, ಪಕ್ಕದ ಮನೆಯ ಶುಕ್ರಿಯೆಯ ಗಬ್ಬದ ಹಸು,
ಬಿಡದ ಕೆಮ್ಮು. ಮಾತಿನ ನಡುವೆ ಲೆಕ್ಕ ತಪ್ಪಿ
ನಲವತ್ತರಿಂದ ಮತ್ತೆ ಇಪ್ಪತ್ತಕ್ಕೆ ಬಂದಳು.
ನಾನು ತಿದ್ದಲಿಲ್ಲ.

ಅರವತ್ತೇಳಕ್ಕೆ ಹಾರ್ನ್.
ಡಬ್ಬಿ ನನ್ನ ಕೈಗೆ ತುರುಕಿ ಹೇಳಿದಳು:
‘ಹಸಿವಾದರೆ ಮಾತ್ರ. ಒಂದೇ ಒಂದು.’

ಉಳಿದ ಹೆಜ್ಜೆಗಳನ್ನು ಸೀಟುಗಳ ನಡುವೆ ನಡೆದೆ,
ಕೊಲೊನ್ಯಾ ಬಾಟಲಿ ಹಿಡಿದು, ಮಲಗಿದವರನ್ನು ಎಬ್ಬಿಸದೆ.
ಮೂವತ್ತೊಂದರ ಹತ್ತಿರ, ಎಲ್ಲೋ ಆಳದಿಂದ
ಒಂದು ತೇಗು. ಮೇಷ್ಟ್ರು ಕಣ್ಣು ಬಿಟ್ಟು ನಕ್ಕರು.

ಸಿವಾಸ್ ಇನ್ನೂ ದೂರ. ಬೆಟ್ಟದ ಅಂಚು ಬಿಳುಪಾಗುತ್ತಿದೆ.
ಡಬ್ಬಿ ತೊಡೆಯ ಮೇಲಿದೆ.
ಹಸಿವಿಗಾಗಿ ಕಾಯುತ್ತಿದ್ದೇನೆ.